ಕೆಂಪು ಪೆಟ್ಟಿಗೆಯೂ ಅಡಕೆಯ ಹಾಳೆಯೂ

ಬಂಟ್ವಾಳದಿಂದ ಬೆಳ್ತಂಗಡಿಗೂ, ಅಲ್ಲಿಂದ ವೇಣೂರಿನ ಮಾರ್ಗವಾಗಿ ಮೂಡುಬಿದಿರೆಗೂ ಹೋಗುವ ದಾರಿಯ ಇಕ್ಕೆಲಗಳಲ್ಲಿ ಬಹುದೂರ ಹಬ್ಬಿರುವ ಅಡಕೆಯ ತೋಟಗಳೊಳಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತವನಿಗೆ, ಹಣ್ಣಾದ ಸೋಗೆಯೊಂದು ತನ್ನ ಬುಡದ ಹಾಳೆಯೊಡನೆ ಕಳಚಿ ನೆಲಕ್ಕೆ ಬೀಳುವ ಸದ್ದು ಅಪರಿಚಿತವಲ್ಲ. ಹಾಳೆಯೆಂದರೆ ಎಲೆಯ ಬುಡವೇ ಅಗಲವಾಗಿ ಬೆಳೆದು ಮರದ ಮೈಯನ್ನು ಸುತ್ತಲೂ ಅಪ್ಪಿಕೊಂಡ ಕವಚ. ಎಳೆಯ ಹಿಂಗಾರ ಅದರ ಮರೆಯಲ್ಲಿ ಬೆಳೆದು, ಹಾಳೆ ಜಾರಿದ ಮೇಲೆ ಬೆಳಕನ್ನು ಕಾಣುತ್ತದೆ. ಹಿರಿಯರಿಗೆ ಅದರ ಉಪಯೋಗಗಳು ಚೆನ್ನಾಗಿ ಗೊತ್ತು: ಬಡಿಸುವುದಕ್ಕೆ ತಟ್ಟೆ, ತಲೆಗೆ ಮುಟ್ಟಾಳೆ, ಸೆಕೆಗೆ ಬೀಸಣಿಗೆ, ದನಕ್ಕೆ ಮೇವು, ಯಾವುದಕ್ಕೂ ಒದಗದ್ದು ಬಚ್ಚಲೊಲೆಗೆ. ಆದರೆ ಅದೇ ಹಾಳೆಯನ್ನು ನಾಲ್ಕು ವರ್ಷದ ಮಗುವೊಂದು ಅಂಗಳಕ್ಕೆ ಎಳೆದುತಂದಾಗ ಅದರ ಉಪಯೋಗಗಳ ಪಟ್ಟಿಗೆ ಕೊನೆಯೆಂಬುದೇ ಇರುವುದಿಲ್ಲ. ಒಬ್ಬ ಕುಳಿತು ಇನ್ನೊಬ್ಬ ಎಳೆದರೆ ಅದು ಧರ್ಮಸ್ಥಳದ ಬಸ್ಸು. ಮಗುಚಿ ಹಾಕಿದರೆ ನೇತ್ರಾವತಿಯ ದೋಣಿ. ಗೊಂಬೆಯನ್ನು ಮಲಗಿಸಿದರೆ ತೊಟ್ಟಿಲು. ಬೆನ್ನಿಗೆ ಕಟ್ಟಿಕೊಂಡರೆ ಆಮೆಯ ಚಿಪ್ಪು. ವಸ್ತು ಒಂದೇ ಇದ್ದು ಅರ್ಥಗಳು ಹೀಗೆ ಕ್ಷಣಕ್ಷಣಕ್ಕೂ ಬದಲಾಗುವ ಈ ವ್ಯಾಪಾರವನ್ನು ನಾವು ‘ಮಕ್ಕಳಾಟಿಕೆ’ ಎಂದು ಹಗುರವಾಗಿ ತಳ್ಳಿಬಿಡುತ್ತೇವೆ. ಮನಶ್ಶಾಸ್ತ್ರಜ್ಞರು ಮಾತ್ರ ಕಳೆದ ನೂರು ವರ್ಷಗಳಿಂದ ಅದರ ಮುಂದೆ ಬೆರಗಿನಿಂದಲೇ ನಿಂತಿದ್ದಾರೆ.

ಅಂಗನವಾಡಿಯ ಗೋಡೆಗಳ ಮೇಲೆ ಪಂಚೇಂದ್ರಿಯಗಳ ಪಟವೊಂದು ತೂಗಾಡುವುದುಂಟು: ಕಣ್ಣಿನ ಪಕ್ಕದಲ್ಲಿ ಹೂವು, ಕಿವಿಯ ಪಕ್ಕದಲ್ಲಿ ಗಂಟೆ, ಮೂಗಿನ ಪಕ್ಕದಲ್ಲಿ ಊದುಬತ್ತಿ. ಐದು ಇಂದ್ರಿಯಗಳ ಪಾಠವನ್ನು ಕಣ್ಣೊಂದರ ಮೂಲಕವೇ ಹೇಳಿಮುಗಿಸುವ ಈ ಪಟದ ಬಗ್ಗೆ ನನಗೆ ಹಗೆಯೇನೂ ಇಲ್ಲ. ಆದರೆ ಅದರ ಕೆಳಗೆ ಕುಳಿತ ಮಗು ಅದೇ ಹೊತ್ತಿನಲ್ಲಿ ಕಿಟಕಿಯ ಕಬ್ಬಿಣದ ಸರಳನ್ನು ನೆಕ್ಕಿ, ಅದರ ತಂಪನ್ನೂ ತುಕ್ಕಿನ ರುಚಿಯನ್ನೂ ಪರೀಕ್ಷಿಸುತ್ತಿದ್ದರೆ, ನಿಜವಾದ ಪಾಠ ನಡೆಯುತ್ತಿರುವುದು ಕಿಟಕಿಯ ಬಳಿಯಲ್ಲಿಯೇ ಸರಿ.

ಮೊದಲು ಕೈಯ ವಿಚಾರ. ವಸ್ತುವೊಂದನ್ನು ಕಣ್ಣುಮುಚ್ಚಿ ತಿಳಿಯಹೊರಟ ಮಾನವಹಸ್ತ ತೋರಿದಂತೆ ತಡಕಾಡುವುದಿಲ್ಲವೆಂದೂ, ತಿಳಿಯಬೇಕಾದ ಗುಣಕ್ಕೆ ತಕ್ಕಂತೆ ಅದರ ಚಲನೆಯೇ ಬೇರೆಬೇರೆಯಾಗುವುದೆಂದೂ ಸೂಸನ್ ಲೆಡರ್ಮನ್, ರಾಬರ್ಟಾ ಕ್ಲಾಟ್ಸ್ಕಿ ಎಂಬ ಇಬ್ಬರು ವಿಜ್ಞಾನಿಗಳು 1987ರಲ್ಲಿ ತೋರಿಸಿಕೊಟ್ಟರು. ನಯವೋ ದೊರಗೋ ಎಂದು ತಿಳಿಯಬೇಕಾದಾಗ ಬೆರಳು ಮೇಲ್ಮೈಯ ಮೇಲೆ ಅತ್ತಿತ್ತ ಉಜ್ಜುತ್ತದೆ. ಗಟ್ಟಿಯೋ ಮೆದುವೋ ಎಂಬುದಕ್ಕೆ ಒತ್ತಿನೋಡುತ್ತದೆ. ಬಿಸಿ ತಂಪುಗಳಿಗೆ ಅಂಗೈ ಅಲುಗದೆ ಹಾಗೆಯೇ ಊರಿಕೊಳ್ಳುತ್ತದೆ. ಭಾರವನ್ನು ಅರಿಯಲು ವಸ್ತುವನ್ನು ಎತ್ತಿ ತೂಗುತ್ತದೆ. ಸ್ಥೂಲವಾದ ಆಕಾರಕ್ಕೆ ಮುಷ್ಟಿಯಲ್ಲಿ ತುಂಬಿಕೊಳ್ಳುತ್ತದೆ. ಸೂಕ್ಷ್ಮವಾದ ಆಕಾರಕ್ಕೆ ಅಂಚಿನ ಗುಂಟ ಬೆರಳನ್ನು ಓಡಿಸುತ್ತದೆ. ಇದಕ್ಕೆ ಎರಡು ವರ್ಷ ಮೊದಲು ಇವರೇ ಮೆಟ್ಸ್‌ಗರ್ ಎಂಬವರೊಡನೆ ನಡೆಸಿದ ಪ್ರಯೋಗದಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ವಯಸ್ಕರು ನಿತ್ಯೋಪಯೋಗದ ನೂರು ವಸ್ತುಗಳನ್ನು ಸ್ಪರ್ಶಮಾತ್ರದಿಂದ ಗುರುತಿಸಹೊರಟಾಗ ನೂರಕ್ಕೆ 96ರಷ್ಟು ಉತ್ತರಗಳು ಸರಿಯಾಗಿದ್ದುವು. ಹೆಚ್ಚಿನವು ಐದು ಸೆಕೆಂಡುಗಳೊಳಗೇ ಬಂದಿದ್ದುವು. ಈ ಪಾಂಡಿತ್ಯವನ್ನು ಯಾವ ಪಾಠಶಾಲೆಯೂ ಅವರಿಗೆ ಕಲಿಸಿದ್ದಲ್ಲ. ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕೈಯಾಡಿಸಿ ತಾಯಂದಿರಿಂದ ಬೈಗುಳ ತಿಂದ ವರ್ಷಗಳ ಸಂಪಾದನೆ ಅದು.

ಈ ಸಂಪಾದನೆಗೆ ಬೇಕಾದ ಸಾಧನಗಳು ಚರ್ಮದ ಅಡಿಯಲ್ಲಿಯೇ ಹುದುಗಿವೆ. ಬೆರಳತುದಿಯ ಚರ್ಮದಲ್ಲಿ ಅಂಚುಗಳನ್ನೂ ನಿಂತ ಒತ್ತಡವನ್ನೂ ಗ್ರಹಿಸುವ ಮರ್ಕೆಲ್ ತುದಿಗಳು, ಜಾರಿಕೆಯನ್ನೂ ಮೃದುವಾದ ಅದುರನ್ನೂ ಗ್ರಹಿಸುವ ಮೈಸ್ನರ್ ಕಣಗಳು, ಇನ್ನೂ ಆಳದಲ್ಲಿ ಅತಿ ತ್ವರಿತವಾದ ಕಂಪನಗಳಿಗೆ ಮಾತ್ರ ಓಗೊಡುವ ಪಾಸೀನಿ ಕಣಗಳು, ಚರ್ಮ ಹಿಗ್ಗಿದುದನ್ನು ತಿಳಿಸುವ ರುಫೀನಿ ತುದಿಗಳು, ಹೀಗೆ ಒಂದೊಂದು ಸುದ್ದಿಗೆ ಒಂದೊಂದು ಬಗೆಯ ದೂತರು. ಚಿಕ್ಕ ಬೆರಳಿನ ಸ್ಪರ್ಶ ದೊಡ್ಡ ಬೆರಳಿನದಕ್ಕಿಂತ ಸೂಕ್ಷ್ಮವೆಂದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಯಸ್ಕರನ್ನೇ ಪರೀಕ್ಷಿಸಿ ತೋರಿಸಿತು; ಚಿಕ್ಕ ಬೆರಳಿನಲ್ಲಿ ಈ ದೂತರು ಒತ್ತೊತ್ತಾಗಿ ನೆರೆದಿರುವುದು ಇದಕ್ಕೆ ಕಾರಣವಿರಬಹುದು. ಹೀಗಿರಲು ಪುಟಾಣಿಯ ಬೆರಳಿಗೆ ಒದಗಿರುವ ಅನುಕೂಲವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇಂತಹ ಬೆರಳಿಗೆ ಈ ಮೂರು ತಾಲೂಕುಗಳ ನೆಲ ಒಡ್ಡುವ ಪಾಠಸಾಮಗ್ರಿ ಬಡತನದ್ದೇನೂ ಅಲ್ಲ. ಮುರಕಲ್ಲನ್ನು ನೋಡಿ. ಮಲಬಾರು ಕೆನರಾ ಸೀಮೆಗಳಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಅಗೆದಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಬಾಗಿ ಗಾಳಿ ತಾಗಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವ ಈ ಶಿಲೆಯನ್ನು ಕಂಡು ಆಶ್ಚರ್ಯಪಟ್ಟು, ಅದನ್ನು ಭೂವಿಜ್ಞಾನಕ್ಕೆ ಪರಿಚಯಿಸಿದನು. ಅದರ ತೂತುತೂತಾದ ಮೈಯಲ್ಲಿ ಬೆರಳು ತೂರಿಸಿ, ಒಳಗಿನ ಹಳದಿ ಜೇಡಿಯನ್ನು ಕೆದಕಿ ತೆಗೆದು, ಅಂಗೈಗೆ ಹತ್ತಿದ ಕೆಂಪನ್ನು ಅಂಗಿಗೆ ಒರಸಿಕೊಳ್ಳುವ ಮಗುವಿನ ಆಶ್ಚರ್ಯ ಬುಕಾನನ್ನನದಕ್ಕಿಂತ ಕಡಿಮೆಯದೆಂದು ನಾನು ಹೇಳಲಾರೆ. ಬೆಳಗಿನ ಅದೇ ಹೊತ್ತಿಗೆ ಅದೇ ಕೋಣೆಯಲ್ಲಿರುವ ಸ್ಟೀಲಿನ ಲೋಟ ತಣ್ಣಗೂ ಹಾಳೆಯ ತಟ್ಟೆ ಬೆಚ್ಚಗೂ ತೋರುತ್ತವಲ್ಲ, ಉಷ್ಣತಾಮಾಪಕವನ್ನಿಟ್ಟು ನೋಡಿದರೆ ಎರಡರದೂ ಒಂದೇ ಉಷ್ಣತೆ. ಅಂಗೈಯ ಶಾಖವನ್ನು ಲೋಹ ಬೇಗನೆ ಸೆಳೆದುಕೊಳ್ಳುತ್ತದೆ, ಗಾಳಿಯನ್ನು ನಾರಿನ ನಡುವೆ ಹಿಡಿದಿಟ್ಟುಕೊಂಡ ಹಾಳೆ ಸೆಳೆದುಕೊಳ್ಳುವುದಿಲ್ಲ. ಚರ್ಮ ಅಳೆಯುವುದು ವಸ್ತುವಿನ ಉಷ್ಣತೆಯನ್ನಲ್ಲ, ತನ್ನಿಂದ ಹೊರಗೆ ಹರಿಯುವ ಶಾಖವನ್ನು. ಈ ತತ್ತ್ವವನ್ನು ಮಗುವಿಗೆ ಬೋಧಿಸಹೊರಡುವುದು ಅಧಿಕಪ್ರಸಂಗ. ಎರಡನ್ನೂ ಕೆನ್ನೆಗೆ ಒತ್ತಿಕೊಳ್ಳಲು ಬಿಟ್ಟರೆ ಸಾಕು.

ಘ್ರಾಣೇಂದ್ರಿಯಕ್ಕೂ ಇಲ್ಲಿ ಕೊರತೆಯಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಮೊದಲ ಮಳೆಯ ಮಣ್ಣಿನ ವಾಸನೆ ಬಂದೊಡನೆ ಅಂಗನವಾಡಿಯ ಬಾಗಿಲಿಗೆ ಓಡಿಬರದ ಮಗುವಿಲ್ಲ. ಒಣಗಿದ ನೆಲದ ಈ ಗಂಧವನ್ನು ಆಸ್ಟ್ರೇಲಿಯದ ಇಸಬೆಲ್ ಬೇರ್, ರಿಚರ್ಡ್ ತಾಮಸ್ ಎಂಬವರು 1964ರಲ್ಲಿ ಶಾಸ್ತ್ರೀಯವಾಗಿ ವಿವರಿಸಿದರು. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ದ್ರವ್ಯ ಈ ಗಂಧದ ಮುಖ್ಯಾಂಶ. ನೀರಿನ ಲಕ್ಷ ಕೋಟಿ ಭಾಗಗಳಲ್ಲಿ ಅದರ ಐದಾರು ಭಾಗವಿದ್ದರೂ ಮನುಷ್ಯನ ಮೂಗು ಪತ್ತೆಹಚ್ಚಬಲ್ಲುದು. ಹನಿಯೊಂದು ಸಚ್ಛಿದ್ರವಾದ ನೆಲಕ್ಕೆ ಅಪ್ಪಳಿಸಿದಾಗ ಅದರ ತಳದಲ್ಲಿ ಸಿಕ್ಕಿಕೊಂಡ ಗಾಳಿ ಗುಳ್ಳೆಗಳಾಗಿ ಮೇಲೆದ್ದು ಒಡೆದು ಈ ಗಂಧವನ್ನು ಅತಿಸೂಕ್ಷ್ಮ ತುಂತುರಾಗಿ ಎರಚುವುದನ್ನು 2015ರಲ್ಲಿ ಅಮೆರಿಕದ ಸಂಶೋಧಕರು ವೇಗದ ಛಾಯಾಗ್ರಹಣದಿಂದ ಹಿಡಿದು ತೋರಿಸಿದರು. ಮಳೆ ಬಂತೆಂದು ಕಿಟಕಿ ಮುಚ್ಚಿ ಮಕ್ಕಳಿಗೆ ‘ಮಳೆ’ ಎಂಬ ಅಕ್ಷರಗಳನ್ನು ತಿದ್ದಿಸುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನು ಕೆಂಪು ಪೆಟ್ಟಿಗೆಯ ವಿಷಯ. ಇಂಗ್ಲೆಂಡಿನ ಕೊರಿನ್ ಹಟ್ ಎಂಬ ವಿದುಷಿ 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದು, ನಾವು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ‘ಆಟ’ ಎಂದು ಕರೆದುಬಿಡುವ ಸಂಗತಿಯೊಳಗೆ ಎರಡು ಬೇರೆಬೇರೆ ವ್ಯಾಪಾರಗಳಿವೆಯೆಂಬುದನ್ನು ಸ್ಪಷ್ಟಪಡಿಸಿತು. ಮೂರರಿಂದ ಐದು ವರ್ಷದ ಮಕ್ಕಳ ಮುಂದೆ ಆಕೆ ಇಟ್ಟದ್ದು ನಾಲ್ಕು ಹಿತ್ತಾಳೆಯ ಕಾಲುಗಳ ಮೇಲೆ ನಿಂತ ಲೋಹದ ಕೆಂಪು ಪೆಟ್ಟಿಗೆ; ಅದಕ್ಕೊಂದು ಸನ್ನೆ, ಸನ್ನೆಯ ತುದಿಗೊಂದು ನೀಲಿಯ ಮರದ ಗುಂಡು. ಸನ್ನೆಯನ್ನು ಆಡಿಸಿದಾಗ ಅಂಕೆಗಳು ತಿರುಗುವಂತೆಯೂ ಗಂಟೆಯೋ ಗುಂಯ್ಗುಡುವ ಸದ್ದೋ ಕೇಳುವಂತೆಯೂ ಏರ್ಪಡಿಸಬಹುದಾಗಿತ್ತು. ಹೊಸ ಪೆಟ್ಟಿಗೆಯನ್ನು ಕಂಡ ಮಗು ಮೊದಲು ಗಂಭೀರವಾಯಿತು. ಕಣ್ಣೂ ಕೈಯೂ ಒಂದೇ ಕಡೆ ನೆಟ್ಟು, ಮುಖದ ಸ್ನಾಯುಗಳು ಬಿಗಿದು, ಸನ್ನೆಯನ್ನು ಹಿಂದಕ್ಕೂ ಮುಂದಕ್ಕೂ ದೂಡುತ್ತ, ‘ಇದೇನು, ಇದು ಏನು ಮಾಡುತ್ತದೆ?’ ಎಂಬ ಪ್ರಶ್ನೆಯನ್ನು ಕೈಯಿಂದಲೇ ಕೇಳಿತು. ಸದ್ದು ಮಾಡುವ ಪೆಟ್ಟಿಗೆಯಾದರೆ ಈ ಅನ್ವೇಷಣೆ ಇನ್ನೂ ದೀರ್ಘವಾಗಿ ನಡೆಯಿತು. ದಿನಗಳು ಕಳೆದು ಪೆಟ್ಟಿಗೆ ಪರಿಚಿತವಾದ ಮೇಲೆ ಮುಖದ ಬಿಗಿ ಸಡಿಲಿತು, ದೇಹ ಹಗುರವಾಯಿತು, ಮಗು ಗಂಟೆ ಬಾರಿಸುತ್ತ ಪೆಟ್ಟಿಗೆಯ ಸುತ್ತ ಓಡತೊಡಗಿತು. ಈಗ ಅದು ಕೇಳುತ್ತಿದ್ದುದು ‘ಇದರಿಂದ ನಾನೇನು ಮಾಡಬಲ್ಲೆ?’ ಎಂಬ ಬೇರೆಯೇ ಪ್ರಶ್ನೆ. ಮೊದಲನೆಯದು ವಸ್ತುವಿನ ಅಧೀನ, ಎರಡನೆಯದು ಮಗುವಿನ ಅಧೀನ. ಎಲ್ಲ ಗುಣಗಳನ್ನೂ ಕಂಡುಕೊಳ್ಳುವ ಮೊದಲೇ ಆಟಕ್ಕಿಳಿದ ಮಗುವಿಗೆ ಉಳಿದ ಗುಣಗಳು ದೊರೆತರೆ ಆಕಸ್ಮಿಕವಾಗಿಯೇ ದೊರೆಯಬೇಕು ಎಂಬುದನ್ನೂ ಹಟ್ ಗಮನಿಸಿದಳು.

ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಳೆಯ ಬಳಿಗೆ ಹೋದವನಿಗೆ, ಕಲ್ಪನೆಯೆಂಬುದು ಇಂದ್ರಿಯಗಳನ್ನು ತೊರೆದು ಆಕಾಶಕ್ಕೆ ಏರುವ ವಿದ್ಯೆಯಲ್ಲವೆಂದೂ, ಕೈಗಳು ವಸ್ತುವಿನೊಡನೆ ಸಾಕಷ್ಟು ಹೊತ್ತು ಸೆಣಸಿ ಅದರ ಬಾಗುವಿಕೆ, ಜಾರುವಿಕೆ, ಸೀಳುವಿಕೆಗಳನ್ನು ಅರಿತಾದ ಮೇಲೆ ಮನಸ್ಸಿಗೆ ದಕ್ಕುವ ಸ್ವಾತಂತ್ರ್ಯವೆಂದೂ ಹೊಳೆಯದಿರದು. ಒಣಗಿದ ಹಾಳೆ ಸೀಳುತ್ತದೆ, ನೆನೆದದ್ದು ಬಾಗುತ್ತದೆ. ಸೋಗೆಯ ದಂಟಿನ ಕಡೆ ದಪ್ಪ, ಅಂಚಿನ ಕಡೆ ತೆಳು. ಒಳಮೈ ನಯ, ಹೊರಮೈ ಒರಟು. ಕೂರುವವನ ಭಾರ ಹಿಂದಕ್ಕೆ ಬಿದ್ದರೆ ಮುಂಭಾಗ ಏಳುತ್ತದೆ, ಮುಂದಕ್ಕೆ ಬಿದ್ದರೆ ಮಣ್ಣಿಗೆ ಕಚ್ಚುತ್ತದೆ. ಇಷ್ಟನ್ನು ಅರಿಯದ ಮಗುವಿಗೆ ಅದು ಬಸ್ಸಾಗದು. ಎಳೆಯಲ್ಪಡುವಾಗ ಒಳಗಿವಿಯ ಅರ್ಧವರ್ತುಲ ನಾಳಗಳೂ ಮಾಂಸಖಂಡಗಳ ಸ್ಥಿತಿಯನ್ನು ಮೆದುಳಿಗೆ ತಿಳಿಸುವ ನರಗಳೂ (ಇವುಗಳ ಕುರಿತು ಚಾರ್ಲ್ಸ್ ಶೆರಿಂಗ್ಟನ್ 1906ರಷ್ಟು ಹಿಂದೆಯೇ ಬರೆದಿದ್ದನು) ದುಡಿಯುತ್ತಿರುತ್ತವೆ. ಪಂಚೇಂದ್ರಿಯಗಳ ಪಟದಲ್ಲಿ ಇವಕ್ಕೆ ಸ್ಥಾನವೇ ಇಲ್ಲ. ಪೇಟೆಯ ಆಟಿಕೆಯ ಬಸ್ಸಾದರೋ ತಾನು ಬಸ್ಸೆಂದು ಮೊದಲೇ ಸಾರಿಕೊಂಡು ಬರುವುದರಿಂದ ಮಗುವಿಗೆ ಉಳಿಯುವ ಕೆಲಸ ಕೀಲಿ ತಿರುಗಿಸುವುದೊಂದೇ. ಒಗರು ಉಳಿದಿರುವ, ಆದರೆ ಹೆಸರು ಇನ್ನೂ ನಿಶ್ಚಯವಾಗದ ವಸ್ತುಗಳೇ ಶಿಶುವಿಹಾರಕ್ಕೆ ಶ್ರೇಷ್ಠವೆಂಬುದು ನನ್ನ ಅಭಿಪ್ರಾಯ.

ಕಲ್ಪನಾಕ್ರೀಡೆಯ ಒಳಗೆ ನಡೆಯುವುದೇನು? 1933ರಲ್ಲಿ ರಷ್ಯದ ಲೆವ್ ವಿಗೋಟ್ಸ್ಕಿ ಮಾಡಿದ ಉಪನ್ಯಾಸವೊಂದರ ಪ್ರಕಾರ, ಕೋಲನ್ನು ಕುದುರೆ ಮಾಡಿಕೊಂಡ ಮಗು ಅರ್ಥವನ್ನು ವಸ್ತುವಿನಿಂದ ಮೊತ್ತಮೊದಲ ಬಾರಿಗೆ ಬಿಡಿಸುತ್ತಿದೆ. ಆದರೆ ಬಿಡಿಸಿದ ಅರ್ಥವನ್ನು ಬರಿಯ ಗಾಳಿಯಲ್ಲಿ ನಿಲ್ಲಿಸಲಾರದೆ, ಕಾಲುಗಳ ನಡುವೆ ಸಿಕ್ಕಿಸಿಕೊಳ್ಳಬಹುದಾದ ಇನ್ನೊಂದು ವಸ್ತುವಿನ ಆಧಾರವನ್ನು ಬೇಡುತ್ತದೆ. 1987ರಲ್ಲಿ ಅಲನ್ ಲೆಸ್ಲಿ, ಬಾಳೆಹಣ್ಣನ್ನು ಟೆಲಿಫೋನಾಗಿಸಿಕೊಂಡ ಮಗುವಿಗೆ ಬಾಳೆಹಣ್ಣಿನ ಬಗ್ಗೆಯೂ ಟೆಲಿಫೋನಿನ ಬಗ್ಗೆಯೂ ಯಾವ ಭ್ರಾಂತಿಯೂ ಆಗದಿರುವುದು ಹೇಗೆಂದು ಕೇಳಿದನು. ಎರಡು ಖಾಲಿ ಬಟ್ಟಲುಗಳಿಗೆ ಇಲ್ಲದ ಚಹವನ್ನು ಹೊಯ್ದಂತೆ ನಟಿಸಿ, ಒಂದನ್ನು ಮಗುಚಿ ಕೊಡವಿ, ‘ಯಾವುದು ಖಾಲಿ?’ ಎಂದು ಕೇಳಿದರೆ, ಎರಡರ ಪ್ರಾಯ ದಾಟಿದ ಮಗು ಮಗುಚಿದ್ದನ್ನೇ ತೋರಿಸುತ್ತದೆ. ನಿಜದಲ್ಲಿ ಎರಡೂ ಖಾಲಿ ಎಂಬುದನ್ನು ಬಲ್ಲ ಅದೇ ಮಗು, ಕಲ್ಪನೆಯ ಲೋಕದಲ್ಲಿ ಒಂದು ತುಂಬಿದೆಯೆಂಬ ಲೆಕ್ಕವನ್ನೂ ತಪ್ಪದೆ ಇಟ್ಟುಕೊಂಡಿರುತ್ತದೆ. ಅಂದರೆ ಕಲ್ಪನೆಗೂ ತನ್ನದೇ ಆದ ತರ್ಕವುಂಟು. ಚೆಲ್ಲಿದ ಚಹ ಅಲ್ಲಿಯೂ ಚೆಲ್ಲಿದ್ದೇ.

ಚಹದ ಮಾತು ಬಂದಾಗ ಬಂಟ್ವಾಳದವರಿಗೆ ಕಲ್ಲಡ್ಕದ ಕೆ.ಟಿ. ನೆನಪಾಗದಿರದು: ಗಾಜಿನ ಲೋಟದಲ್ಲಿ ಕೆಳಗೆ ಸಕ್ಕರೆ ಬೆರೆಸಿದ ಹಾಲು, ಮೇಲೆ ಕಲಸದೆ ನಿಂತ ಕಣ್ಣು, ಅಂದರೆ ಚಹದ ಡಿಕಾಕ್ಷನ್. ಆ ಕಡೆಯ ಮಕ್ಕಳು ಹೋಟೆಲಾಟವಾಡುವಾಗ ಗೆರಟೆಯಲ್ಲಿ ಕೆಮ್ಮಣ್ಣು ಕದಡಿ ಕೆ.ಟಿ. ಮಾಡುವುದು ಸಹಜವೇ ಆಗಿದೆ. ಮೇಲಾಗಿ ಪ್ರಕೃತಿಯೂ ಈ ಆಟದಲ್ಲಿ ಭಾಗವಹಿಸುತ್ತದೆ, ಏಕೆಂದರೆ ಕದಡಿದ ಕೆಮ್ಮಣ್ಣಿನ ನೀರು ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಎರಡು ಪದರವಾಗುತ್ತದೆ. ಲೋಟದ ಕೆ.ಟಿ.ಯಲ್ಲಿ ಪದರಗಳು ನಿಲ್ಲುವುದು ಸಿಹಿಯಾದ ಹಾಲು ಕಣ್ಣಿಗಿಂತ ಸಾಂದ್ರವಾದುದರಿಂದ, ಗೆರಟೆಯ ಕೆ.ಟಿ.ಯಲ್ಲಿಯಾದರೆ ಮರಳಿನ ಕಣ ದೊಡ್ಡದಾಗಿ ಬೇಗನೆ ಮುಳುಗುವುದರಿಂದಲೂ ಜೇಡಿಯ ಕಣ ಬಹುಕಾಲ ತೇಲಿಕೊಂಡಿರುವುದರಿಂದಲೂ. ನೀರಿನಲ್ಲಿ ಮುಳುಗುವ ಸಣ್ಣ ಕಣದ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾದುದೆಂಬುದನ್ನು ಜಾರ್ಜ್ ಸ್ಟೋಕ್ಸ್ 1851ರಲ್ಲಿ ಸಿದ್ಧಪಡಿಸಿದನು: ಹತ್ತು ಪಟ್ಟು ದೊಡ್ಡ ಕಣ ನೂರು ಪಟ್ಟು ವೇಗವಾಗಿ ಇಳಿಯುತ್ತದೆ. ಒಂದು ಮಿಲಿಮೀಟರಿನ ಐನೂರರಲ್ಲೊಂದು ಭಾಗಕ್ಕಿಂತಲೂ ಕಿರಿದಾದ ಜೇಡಿಕಣ ಗೆರಟೆಯ ತಳ ಮುಟ್ಟುವಷ್ಟರಲ್ಲಿ ಹೋಟೆಲು ಎಂದೋ ಮುಚ್ಚಿ, ಮಾಲಿಕನೂ ಗಿರಾಕಿಗಳೂ ಊಟಕ್ಕೆ ಕುಳಿತಿರುತ್ತಾರೆ. ಕಲ್ಪನೆ ಇಲ್ಲದಿದ್ದರೆ ಮಗು ಆ ಪದರಗಳನ್ನು ಗಮನಿಸುತ್ತಿತ್ತೇ? ಕೆಸರು ಕೆ.ಟಿ. ಆಗಬೇಕೆಂಬ ಹಂಬಲವೇ ಕಣ್ಣನ್ನು ಚುರುಕುಗೊಳಿಸಿತು. ಹಟ್ ಹೇಳಿದ ಎರಡು ಪ್ರಶ್ನೆಗಳು ಹೀಗೆ ಒಂದರಿಂದೊಂದು ಹುಟ್ಟುತ್ತ ಹಿಂದುಮುಂದಾಗಿ ಹೆಣೆದುಕೊಳ್ಳುತ್ತವೆಯೇ ಹೊರತು ಒಂದು ಮುಗಿದ ಮೇಲೆ ಇನ್ನೊಂದೆಂದು ಸಾಲಾಗಿ ನಿಲ್ಲುವುದಿಲ್ಲ.

ಆದರೆ ಇಂದ್ರಿಯಗಳೂ ಸಂಕೇತಗಳೂ ಯಾವಾಗಲೂ ಹೀಗೆ ಸ್ನೇಹದಿಂದಿರುವುವೆಂದು ತಿಳಿಯಬಾರದು. ಅಮೆರಿಕದ ಜೂಡಿ ಡಿಲೋಚ್ 1987ರಲ್ಲಿ ಒಂದು ಕೋಣೆಯನ್ನೂ ಅದರ ಪುಟ್ಟ ಪ್ರತಿಕೃತಿಯನ್ನೂ ಇಟ್ಟುಕೊಂಡು, ಮಗುವಿನ ಕಣ್ಣೆದುರಿಗೆ ಪ್ರತಿಕೃತಿಯೊಳಗೆ ಪುಟ್ಟ ಗೊಂಬೆನಾಯಿಯನ್ನು ಅಡಗಿಸಿ, ದೊಡ್ಡ ಕೋಣೆಯಲ್ಲಿ ಅದೇ ಜಾಗದಲ್ಲಿರುವ ದೊಡ್ಡ ನಾಯಿಯನ್ನು ಹುಡುಕಲು ಹೇಳಿದಳು. ಮೂರು ದಾಟಿದ ಮಕ್ಕಳು ನೇರವಾಗಿ ಹೋಗಿ ಹುಡುಕಿದರು. ಎರಡೂವರೆಯ ಮಕ್ಕಳಿಗೆ ಪ್ರತಿಕೃತಿಗೂ ಕೋಣೆಗೂ ಇರುವ ಸಂಬಂಧವೇ ಹೊಳೆಯಲಿಲ್ಲ. 2000ದಲ್ಲಿ ಆಕೆ ಇನ್ನೂ ಸ್ವಾರಸ್ಯವಾದ ಸಂಗತಿಯನ್ನು ಪ್ರಕಟಿಸಿದಳು: ಪ್ರತಿಕೃತಿಯನ್ನು ಗಾಜಿನ ಹಿಂದೆ ಮುಟ್ಟದಂತೆ ಇಟ್ಟಾಗ ಎರಡೂವರೆಯವರೂ ಮೊದಲಿಗಿಂತ ಚೆನ್ನಾಗಿ ಹುಡುಕಿದರು, ಮೂರು ವರ್ಷದವರಿಗೆ ಅದರೊಡನೆ ಕೆಲವು ನಿಮಿಷ ಆಡಲು ಬಿಟ್ಟಾಗ ಅವರ ಹುಡುಕಾಟ ಮೊದಲಿಗಿಂತ ಕೆಟ್ಟಿತು. ವಸ್ತುವಾಗಿ ಮನಸೆಳೆದದ್ದು ಸಂಕೇತವಾಗಿ ಸೋತಿತು. ಇದು ಹಾಳೆಯ ಬಸ್ಸಿನ ಕಥೆಗೆ ವಿರೋಧವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಹಾಳೆಗೆ ಅರ್ಥವನ್ನು ಕೊಟ್ಟದ್ದು ಮಗು, ಪ್ರತಿಕೃತಿಗೆ ಕೊಟ್ಟದ್ದು ಹಿರಿಯರು. ಬಣ್ಣಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಅ ಆ ಇ ಈಗಳನ್ನು ಎರಕಹೊಯ್ದು, ಆಟವೂ ಆಯಿತು ಅಕ್ಷರಾಭ್ಯಾಸವೂ ಆಯಿತು ಎಂದು ಸಂತೋಷಪಡುವವರು ಇದರಿಂದ ಕೊಂಚ ಎಚ್ಚರಗೊಳ್ಳುವುದು ಒಳ್ಳೆಯದು. ಅಕ್ಷರವನ್ನು ಕಚ್ಚುತ್ತಲೂ ಉರುಳಿಸುತ್ತಲೂ ಇರುವ ಮಗುವಿಗೆ ಅದು ಅಕ್ಷರವಾಗಿ ಕಾಣಲು ಇನ್ನೂ ಹೊತ್ತು ಹಿಡಿದೀತು.

ಪಾತ್ರಧಾರಣೆಯ ಆಟಕ್ಕಂತೂ ಈ ನಾಡಿನಲ್ಲಿ ಮಾದರಿಗಳ ಸಮೃದ್ಧಿಯಿದೆ. ಇಬ್ಬರು ಕೋಣಗಳಾಗಿ ಒಬ್ಬ ಹಗ್ಗ ಹಿಡಿದು ಓಡಿದರೆ ಅಂಗಳವೇ ಕಂಬಳದ ಕರೆ. ಮಡಲಿನ ಎಳೆಗರಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೆಜ್ಜೆಯ ಸದ್ದನ್ನು ಬಾಯಲ್ಲೇ ಮಾಡುತ್ತ ಕುಣಿದರೆ ಕೋಲ, ಇದಕ್ಕೆ ಹಿರಿಯರು ಒಮ್ಮೊಮ್ಮೆ ಗದರುವುದೂ ಉಂಟು. ತಲೆಗೊಂದು ಹಾಳೆಯ ಕಿರೀಟ ಬಿದ್ದರೆ ಯಕ್ಷಗಾನದ ರಾಜ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡಗಳನ್ನು ಆಡುವ ಮಕ್ಕಳು ಒಂದೇ ಚಾಪೆಯ ಮೇಲೆ ಕೂರುವ ಈ ಸೀಮೆಯಲ್ಲಿ, ಬಸ್ಸಿನ ಕಂಡಕ್ಟರನಾದವನು ತುಳುವಿನಲ್ಲಿ ಕೂಗುತ್ತ, ಮರುಗಳಿಗೆಯಲ್ಲಿ ಟೀಚರಾದಾಗ ಅಚ್ಚ ಪುಸ್ತಕದ ಕನ್ನಡಕ್ಕೆ ಹೊರಳುವುದನ್ನು ಕೇಳುವುದೇ ಒಂದು ಸೊಗಸು. ಪಾತ್ರ ಬದಲಾದಾಗ ಭಾಷೆಯೂ ಬದಲಾಗಬೇಕೆಂಬ ನಿಯಮವನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಆಟವೆಂದರೆ ನಿಯಮವಿಲ್ಲದ ಸ್ವಚ್ಛಂದವೆಂದು ನಾವು ತಿಳಿದಿರುವುದಕ್ಕೆ ವಿಗೋಟ್ಸ್ಕಿ ವಿರೋಧವಾಗಿ ಹೇಳಿದುದೂ ಇದನ್ನೇ: ಕಲ್ಪಿತ ಪಾತ್ರ ತನ್ನೊಡನೆ ತನ್ನ ಕಟ್ಟಳೆಗಳನ್ನೂ ತರುತ್ತದೆ. ಅವನ ದಾರಿಯಲ್ಲಿಯೇ ನಡೆದ ಮನುಯ್ಲೆಂಕೊ ಎಂಬ ಸಂಶೋಧಕಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಲುಗದೆ ನಿಲ್ಲಬೇಕೆಂದು ಸುಮ್ಮನೆ ಹೇಳಿದಾಗ ಬೇಗನೆ ಚಡಪಡಿಸಿದ ಮಕ್ಕಳೇ, ಕಾವಲುಗಾರನ ಪಾತ್ರ ವಹಿಸಿ ಗೆಳೆಯರ ನಡುವೆ ನಿಂತಾಗ ಬಹಳ ಹೆಚ್ಚು ಹೊತ್ತು ಅಲುಗದೆ ನಿಂತರು. ವೇಣೂರಿನ ಮಕ್ಕಳಿಗೆ ಇದಕ್ಕಾಗಿ ರಷ್ಯದ ಕಾವಲುಗಾರ ಬೇಕಾಗಿಲ್ಲ. 1604ರಿಂದ ಫಲ್ಗುಣೀ ನದಿಯ ದಡದಲ್ಲಿ 35 ಅಡಿ ಎತ್ತರಕ್ಕೆ ನಿಂತಿರುವ ಬಾಹುಬಲಿ ಅವರ ನೆರೆಯವನೇ ತಾನೆ! ಒಬ್ಬ ಬಾಹುಬಲಿಯಾಗಿ ನಿಲ್ಲಲಿ, ಉಳಿದವರು ಕಾಲಿಗೆ ಬಳ್ಳಿ ಸುತ್ತಲಿ. ‘ಕೈ ಕಟ್ಟಿ, ಬಾಯಿ ಮುಚ್ಚಿ’ ಎಂಬ ಹಳೆಯ ಆಜ್ಞೆಗಿಂತ ಹೆಚ್ಚಿನ ನಿಶ್ಚಲತೆ ಅಲ್ಲಿ ಸಾಧಿಸೀತು.

ಶಿಶುಶಿಕ್ಷಣದ ಆಚಾರ್ಯರು ಕಲ್ಪನೆಯ ವಿಷಯದಲ್ಲಿ ಒಮ್ಮತದವರಲ್ಲ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗಿನಲ್ಲಿ ತನ್ನ ಶಾಲೆಯನ್ನು ತೆರೆದ ಫ್ರೋಬೆಲನಿಗೆ ಆಟವೇ ಬಾಲ್ಯದ ಪರಮ ವ್ಯಕ್ತರೂಪ. 1907ರ ಜನವರಿ 6ರಂದು ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸೊರಿಯಾದರೋ, ಉಪ್ಪುಕಾಗದದ ಅಕ್ಷರಗಳಿಂದಲೂ ತೂಕದ ಹಲಗೆಗಳಿಂದಲೂ ಇಂದ್ರಿಯಗಳನ್ನು ಹದಗೊಳಿಸಿದಳೇ ಹೊರತು ಹುಸಿ ಅಡುಗೆ, ಹುಸಿ ಚಹಗಳನ್ನು ಮೆಚ್ಚಲಿಲ್ಲ; ನಿಜವಾದ ಪೊರಕೆ, ನಿಜವಾದ ಪಿಂಗಾಣಿಗಳನ್ನು ಕೊಟ್ಟಾಗ ಮಕ್ಕಳು ಆಟಿಕೆಗಳನ್ನು ಮೂಲೆಗೆ ತಳ್ಳಿದುದನ್ನು ಆಕೆ ಕಣ್ಣಾರೆ ಕಂಡಿದ್ದಳು. ಮೂರರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ನಟನೆಯ ಕೆಲಸಕ್ಕಿಂತ ನಿಜವಾದ ಕೆಲಸವನ್ನೇ ಆರಿಸಿಕೊಳ್ಳುವರೆಂದು 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಆಕೆಯ ಮಾತಿಗೆ ಬೆಂಬಲವಾಗಿ ನಿಂತಿದೆ. 1939ರಲ್ಲಿ ಆಕೆ ಮದರಾಸಿನ ಅಡಯಾರಿಗೇ ಬಂದಳು. ಅದಕ್ಕೂ ಮೊದಲೇ, 1920ರಲ್ಲಿ, ಗಿಜುಭಾಯಿ ಬಧೇಕಾ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು ಆಕೆಯ ಪದ್ಧತಿಗೆ ಕಥೆಗಳನ್ನೂ ನಾಟಕಗಳನ್ನೂ ಧಾರಾಳವಾಗಿ ಬೆರೆಸಿದ್ದರು. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯೆಂಬ ಹಳ್ಳಿಗೆ ಹೋಗಿ ಅನುತಾಯಿ ವಾಘರೊಡನೆ ಬಡಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ 33 ಕಡೆಗಳಲ್ಲಿ ಅಂಗನವಾಡಿಗಳ ಯೋಜನೆಯನ್ನು ಆರಂಭಿಸಿದಾಗ ನಮ್ಮ ರಾಜ್ಯದ ಪಾಲಿಗೆ ಬಂದುದು ಟಿ. ನರಸೀಪುರ.

ನಮ್ಮ ಜಿಲ್ಲೆ ಈ ವಿಚಾರದಲ್ಲಿ ಬರಿಗೈಯದಾಗಿರಲಿಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆದ ಹಾಡುಕಥೆಗಳಲ್ಲಿ ಹಾವೂ ಇಲಿಯೂ ಕರಡಿಯೂ ಬಂದವು. ಶಾಲೆಗಳನ್ನು ತಪಾಸಣೆ ಮಾಡುವ ಅಧಿಕಾರಿಯೇ ಮಕ್ಕಳ ಕವಿಯಾಗಿದ್ದುದು ಅಪರೂಪದ ಭಾಗ್ಯವೆನ್ನಬೇಕು. ನೆರೆಯ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಫ್ರೋಬೆಲ್ ಮಾಂಟೆಸ್ಸೊರಿಯರ ಜಗಳಕ್ಕೆ ಈ ಸೀಮೆಯ ಅಂಗಳಗಳು ಎಂದೋ ರಾಜಿ ಮಾಡಿಕೊಂಡಿವೆಯೆಂದು ನನಗೆ ತೋರುತ್ತದೆ: ಅಡಕೆ ಹೆಕ್ಕುವ ಅಜ್ಜಿಯ ಬಳಿ ಕುಳಿತ ಮಗು ಸ್ವಲ್ಪ ಹೊತ್ತು ನಿಜವಾಗಿಯೇ ಅಡಕೆ ಹೆಕ್ಕುತ್ತದೆ, ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಅಡಕೆಗಳು ಶಾಲೆಗೆ ಹೋಗುವ ಮಕ್ಕಳಾಗಿ ಸಾಲುಗಟ್ಟುತ್ತವೆ, ಅಜ್ಜಿ ಎರಡಕ್ಕೂ ಅಡ್ಡಿಮಾಡುವುದಿಲ್ಲ.

ಅಜ್ಜಿ ಅಡ್ಡಿಮಾಡುವುದು ಬೇರೊಂದು ಸಂದರ್ಭದಲ್ಲಿ. ತಟ್ಟೆಯ ತುಂಬ ಬಣ್ಣ ಹಚ್ಚಿದ ಅಕ್ಕಿಯನ್ನು ಸುರಿದು ಮಕ್ಕಳ ಕೈಗಳನ್ನು ಅದರಲ್ಲಿ ಆಡಿಸುವ ಪದ್ಧತಿಯೊಂದು ಈಚೆಗೆ ಹೊರಗಿನಿಂದ ನಮ್ಮ ಶಿಶುವಿಹಾರಗಳಿಗೂ ಬಂದಿದೆ. ಅನ್ನವನ್ನು ಆಟಕ್ಕೆ ಚೆಲ್ಲುವುದು ಸಲ್ಲದೆಂಬ ಹಿರಿಯರ ಮಾತಿಗೆ ನಾನೂ ತಲೆಬಾಗುತ್ತೇನೆ. ಹೊಳೆಯ ಹೊಯ್ಗೆ, ಹುಣಸೆಯ ಬೀಜ, ಚೆನ್ನೆಮಣೆಯ ಹದಿನಾಲ್ಕು ಕುಳಿಗಳನ್ನು ತುಂಬುವ ಕೆಂಪು ಮಂಜೊಟ್ಟಿ, ಇವು ಇರುವಾಗ ಅಕ್ಕಿಯ ಗೊಡವೆಯೇಕೆ? ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಲಾಗದು. ಮೂರು ತುಂಬದ ಮಕ್ಕಳ ಕೈಗೆ ಸಣ್ಣ ಬೀಜಗಳನ್ನು ಕೊಡಬಾರದು, ಗಂಟಲಿಗೆ ಸಿಕ್ಕಿಕೊಂಡಾವು. ಮತ್ತು ಮಂಜೊಟ್ಟಿಯ ಜತೆಗೆ ಕರಿಚುಕ್ಕೆಯ ಗುಲಗಂಜಿ ಬೆರೆಯಲೇಬಾರದು, ಏಕೆಂದರೆ ಅದರೊಳಗಿನ ಅಬ್ರಿನ್ ಘೋರವಾದ ವಿಷ. ಇಡಿಯಾಗಿ ನುಂಗಿದ ಬೀಜ ಗಟ್ಟಿ ಸಿಪ್ಪೆಯಿಂದಾಗಿ ಪಾರಾದರೂ ಜಗಿದದ್ದು ಪ್ರಾಣಕ್ಕೆ ಎರವಾದೀತು.

ಇಷ್ಟೆಲ್ಲ ಹೇಳಿದ ಮೇಲೆ, ಕಲ್ಪನೆಯ ಆಟದಿಂದ ಬುದ್ಧಿ ಬೆಳೆಯುವುದೆಂದು ಶಾಸ್ತ್ರ ಸಿದ್ಧಪಡಿಸಿದೆಯೇ ಎಂದು ಓದುಗರು ಕೇಳಬಹುದು. ಸಿದ್ಧಪಡಿಸಿಲ್ಲ. 2013ರಲ್ಲಿ ಆಂಜೆಲಿನ್ ಲಿಲಾರ್ಡ್ ಮತ್ತು ಸಂಗಡಿಗರು ಅದುವರೆಗಿನ ನಾಲ್ಕು ದಶಕಗಳ ಸಂಶೋಧನೆಗಳನ್ನು ಒರೆಗೆ ಹಚ್ಚಿ, ನಟನೆಯ ಆಟ ಸೃಜನಶೀಲತೆಗೋ ಬುದ್ಧಿಗೋ ಅನಿವಾರ್ಯ ಕಾರಣವೆಂದು ಹೇಳುವಷ್ಟು ಪುರಾವೆ ಇಲ್ಲವೆಂದೂ, ಆಟಕ್ಕೆ ಸಲ್ಲಿಸಿದ ಕೀರ್ತಿಯಲ್ಲಿ ಒಂದು ಪಾಲು ಜತೆಗಿದ್ದ ಹಿರಿಯರ ಮಾತಿಗೂ ಪ್ರೀತಿಗೂ ಸಲ್ಲಬೇಕಾದೀತೆಂದೂ ನಿರ್ಣಯಿಸಿದರು. ಇದರಿಂದ ನಾನು ಎದೆಗುಂದಿಲ್ಲ. ಮುಂದೆ ಅಂಕಗಳನ್ನು ತಂದುಕೊಡುತ್ತದೆಂಬ ಭರವಸೆಯ ಮೇಲೆ ಮಾತ್ರ ನಾಲ್ಕು ವರ್ಷದ ಮಗುವಿಗೆ ಆಟದ ಅಪ್ಪಣೆ ಸಿಗುವುದಾದರೆ, ಆ ಅಪ್ಪಣೆ ಇನ್ನೊಂದು ಸಂಶೋಧನೆ ಬಂದ ದಿನ ರದ್ದಾಗುವುದು. ಹಸಿದ ಮಗುವಿಗೆ ಉಣಿಸುವಾಗ ನಾವು ಅದರ ಪರೀಕ್ಷೆಯ ಫಲವನ್ನು ಎಣಿಸುವುದಿಲ್ಲವಷ್ಟೆ.

ಹಿರಿಯರ ಮಾತಿನ ಪಾಲನ್ನು ಮಾತ್ರ ನೆನಪಿಡತಕ್ಕದ್ದು. ಅನ್ವೇಷಣೆ ನಡೆಯುತ್ತಿರುವಾಗ, ಅಂದರೆ ಮಗುವಿನ ಹುಬ್ಬು ಗಂಟಿಕ್ಕಿ ಕೈ ಕಣ್ಣುಗಳು ಒಂದೇ ಕಡೆ ನೆಟ್ಟಿರುವಾಗ, ‘ಇದು ಯಾವ ಬಣ್ಣ ಹೇಳು ನೋಡೋಣ’ ಎಂದು ನಡುವೆ ಬಾಯಿ ಹಾಕುವುದು ಮಹಾ ಉಪದ್ರವ. ಆಗ ದೂರ ಕುಳಿತು ನೋಡಬೇಕು. ಮುಖದ ಬಿಗಿ ಸಡಿಲಿ ಆಟ ಆರಂಭವಾಗಿ, ಗೆರಟೆಯೊಂದು ತಮ್ಮ ಮುಂದೆ ಚಾಚಿ ಬಂದಾಗ, ಅದನ್ನು ಎರಡು ಕೈಗಳಿಂದ ಸ್ವೀಕರಿಸಿ ಒಳಗಿಳಿಯಬೇಕು. ಗೆರಟೆಯೊಳಗೆ ಇರುವುದು ಕೆಸರೆಂದು ತಿದ್ದುವ ಟೀಚರು ಆಟವನ್ನು ಕೊಲ್ಲುತ್ತಾಳೆ. ‘ಆಹಾ, ಬಹಳ ರುಚಿ’ ಎಂದು ಹೊಗಳಿ ಕೆಳಗಿಡುವವಳು ಅದನ್ನು ಅಲ್ಲಿಗೇ ಮುಗಿಸುತ್ತಾಳೆ. ತುಟಿಯ ಬಳಿಗೆ ಒಯ್ದು, ಮುಖವನ್ನು ಸ್ವಲ್ಪ ಕಿವಿಚಿ, ‘ಧಣಿಗಳೇ, ನಿಮ್ಮ ಕೆ.ಟಿ.ಗೆ ಸಕ್ಕರೆ ಸಾಲದು’ ಎಂದವಳಿಗೆ ಉತ್ತರ ಸಿದ್ಧವಾಗಿರುತ್ತದೆ: ‘ಸಕ್ಕರೆ ಮುಗಿದಿದೆ ಟೀಚರ್, ಬೀ.ಸಿ. ರೋಡಿನಿಂದ ಲಾರಿ ಬರಬೇಕಷ್ಟೆ.’ ಲಾರಿಗಾಗಿ ಈಗ ಇನ್ನೊಂದು ಹಾಳೆಯನ್ನು ಹುಡುಕಬೇಕು, ಚಾಲಕನನ್ನು ಗೊತ್ತುಮಾಡಬೇಕು, ಸಕ್ಕರೆಗೆ ಒಣಗಿದ ಹೊಯ್ಗೆಯನ್ನು ಜರಡಿ ಹಿಡಿಯಬೇಕು, ಸಾಲದ ಲೆಕ್ಕ ಬರೆಯಬೇಕು. ಊಟದ ಗಂಟೆ ಬಾರಿಸುವ ಸಹಾಯಕಿ ಇನ್ನೂ ಹದಿನೈದು ನಿಮಿಷ ತಡೆದುಕೊಂಡರೆ ಉಪಕಾರವಾದೀತು.